ಪುಸ್ತಕದ ವಿಧವೆಗೆ ಅತ್ತವರು

ಪುಸ್ತಕ ಓದಿ ಅಳುವ ಗಂಡಸರನ್ನು ನಾನು ನಂಬುವುದಿಲ್ಲ. ಗೋಕಾಕದ ಮನೆಗೆ ಸೊಸೆಯಾಗಿ ಹೋದ ಹೊಸತರಲ್ಲೇ ನನಗೆ ಹತ್ತಿದ ರೋಗ ಇದು. ಅದಕ್ಕೂ ಮೊದಲು, ಮಮದಾಪುರದ ತವರಿನಲ್ಲಿದ್ದಾಗಲೇ, ನಮ್ಮವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು: "ಈ ಹುಡುಗಿ ದೇವರ ಪ್ರಸಾದನೂ ಮೂಸಿ ನೋಡಿ ತಿಂತೈತಿ." ಮೂಸಿ ನೋಡಿದರೆ ತಪ್ಪೇನು? ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ನನಗೆ ಹೇಳಿಕೊಟ್ಟವಳೂ ಅವಳೇ.

ನಮ್ಮವರು ಬೆಳಗಾವಿಯಲ್ಲಿ ಇಂಗ್ಲಿಷ್ ಸಾಲೆ ಕಲಿತು ಬಂದು, ಗೋಕಾಕದ ಪೇಟೆಯಲ್ಲಿ ತಮ್ಮ ತಂದೆ ಬಿಟ್ಟುಹೋದ ಅಡತಿ ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಹತ್ತಿ, ಬೆಲ್ಲ, ಶೇಂಗಾ. ಮೈ ಗಾದಿಯ ಮೇಲೆ, ಮನಸ್ಸು ಪುಸ್ತಕದಲ್ಲಿ. ಹತ್ತಿಯ ಅಂಡಿಗೆ ಹೇರಿಕೊಂಡು ಘಟಪ್ರಭಾದ ರೈಲು ಸ್ಟೇಶನ್ನಿಗೆ ಹೋದ ಚಕ್ಕಡಿ ಬರುವಾಗ ಪುಸ್ತಕದ ಕಟ್ಟು ತರುತ್ತಿತ್ತು. ಕಟ್ಟು ಬಿಚ್ಚುವಾಗ ಅವರ ಮುಖ ನೋಡಬೇಕಾಗಿತ್ತು. ಮದುವೆಯಲ್ಲಿ ಅಂತರಪಟ ಸರಿಸಿದಾಗಲೂ ನನ್ನನ್ನು ಅವರು ಹಾಗೆ ನೋಡಿರಲಿಲ್ಲ. ನನಗೆ ಅಕ್ಷರ ಕಲಿಸಿದವರೂ ಅವರೇ ಎನ್ನಿ. ಸುಧಾರಿಸಿದ ಗಂಡನಿಗೆ ಸುಧಾರಿಸಿದ ಹೆಂಡತಿ ಬೇಕಾಗಿತ್ತು. ಆ ಉಪಕಾರವನ್ನು ನಾನು ಮರೆತಿಲ್ಲ, ಆದರೆ ಅದರ ಸಲುವಾಗಿ ಬಾಯಿ ಮುಚ್ಚಿಕೊಂಡೂ ಇರಲಿಲ್ಲ.

ನಮ್ಮ ಪಡಸಾಲೆಯಲ್ಲಿ ಹಿಂದೆ ಶ್ರಾವಣದ ತಿಂಗಳು ಅಯ್ಯನವರು ಶರಣರ ಪುರಾಣ ಹೇಳುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಆ ಜಾಗಕ್ಕೆ ಕಾದಂಬರಿ ಬಂದಿತ್ತು. ಅಂಗಡಿಯ ಬಾಗಿಲು ಹಾಕಿದ ಮೇಲೆ ಕಂದೀಲು ಹಚ್ಚಿ, ಜಮಖಾನೆ ಹಾಸಿ, ನಮ್ಮವರು ಓದುವುದು. ಪೇಟೆಯ ಕೆಲವು ತರುಣರು ಕೇಳುವುದು. ಬಾಜೂ ಮನೆಯ ಬಟ್ಟೆ ಅಂಗಡಿಯ ಸಾಹೇಬರೂ ಬರುತ್ತಿದ್ದರು. ವಯಸ್ಸಾದ ಮುಸಲ್ಮಾನರು, ನಮ್ಮ ಮಾವನವರ ಗೆಳೆಯರು; ಮನೆಯ ಮಕ್ಕಳಿಗೆಲ್ಲ ಅವರು ಕಾಕಾ. ಹೆಂಗಸರು ನಡುಮನೆಯ ಬಾಗಿಲ ಹಿಂದೆ ಕೂತು ಕೇಳಬೇಕು. ಸುಧಾರಣೆ ಅಲ್ಲಿಯವರೆಗೆ ಬಂದು ಹೊಸ್ತಿಲ ಹೊರಗೆ ನಿಂತಿತ್ತು.

ಒಂದು ಚಳಿಗಾಲ, ಮರಾಠಿಯಿಂದ ಕನ್ನಡಕ್ಕೆ ಬಂದ ಒಂದು ಕಾದಂಬರಿಯ ಓದು ನಡೆದಿತ್ತು. ಅದರಲ್ಲಿ ಒಬ್ಬ ಎಳೆಯ ವಿಧವೆ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಕತ್ತಲೆ ಕೋಣೆಗೆ ಹಾಕಿದ್ದಾರೆ. ಅವಳನ್ನು ಮದುವೆಯಾಗುತ್ತೇನೆಂದು ಓದಿದ ತರುಣನೊಬ್ಬ ಮುಂದೆ ಬಂದರೆ ಊರಿಗೆ ಊರೇ ಅವನ ಮೇಲೆ ಬೀಳುತ್ತದೆ. ಓದುತ್ತ ಓದುತ್ತ ನಮ್ಮವರು ಹೆಗಲ ಮೇಲಿನ ಪಂಜೆಯಿಂದ ಕಣ್ಣೊರೆಸಿಕೊಂಡರು. ತರುಣರೂ ಮೂಗು ಎಳೆದರು. ಒಬ್ಬ, "ಎಂಥಾ ಕ್ರೂರ ಸಮಾಜ!" ಎಂದ. ಅದು ಪುಸ್ತಕದ ಭಾಷೆ. ಅವನ ಮನೆಯಲ್ಲಿ ಯಾರೂ ಹಾಗೆ ಮಾತಾಡುತ್ತಿರಲಿಲ್ಲ.

ಬಾಗಿಲ ಈಚೆಗೆ ನನ್ನ ಪಕ್ಕದಲ್ಲಿ ಕೂತು ನನ್ನ ನಾದಿನಿ ಹತ್ತಿ ಬಿಡಿಸುತ್ತಿದ್ದಳು. ನಮ್ಮವರ ಒಬ್ಬಳೇ ತಂಗಿ, ಹೆಚ್ಚುಕಡಿಮೆ ನನ್ನ ಓರಗೆಯವಳು. ಹುಕ್ಕೇರಿಗೆ ಕೊಟ್ಟಿದ್ದರು. ಗಂಡ ಜ್ವರ ಬಂದು ತೀರಿಕೊಂಡ, ಮಕ್ಕಳಿರಲಿಲ್ಲ, ತಿರುಗಿ ಮನೆಗೆ ಬಂದಿದ್ದಳು. ನಮ್ಮಲ್ಲಿ ತಲೆ ಬೋಳಿಸುವ ಪದ್ಧತಿ ಇಲ್ಲ. ಕುಂಕುಮ ಹೋಗಿತ್ತು, ಹಸಿರು ಬಳೆ ಹೋಗಿದ್ದವು, ನಗು ಮಾತ್ರ ಹಾಗೇ ಇತ್ತು. ಅಣ್ಣ ಅಳುವುದನ್ನು ಕೇಳಿ ನನ್ನ ತೊಡೆ ಚಿವುಟಿ, "ವೈನಿ, ಆ ಹುಡುಗಿಗೆ ಉಡಕಿ ಯಾಕ ಮಾಡವಲ್ರು?" ಎಂದು ಕಿವಿಯಲ್ಲಿ ಕೇಳಿದಳು.

ಉಡಕಿ ಎಂದರೆ ಗಂಡ ಸತ್ತವಳಿಗೆ, ಇಲ್ಲವೆ ಗಂಡ ಬಿಟ್ಟವಳಿಗೆ ನಮ್ಮ ಜಾತಿಯಲ್ಲಿ ಮಾಡುವ ಎರಡನೆಯ ಮದುವೆ. ಹಂದರ, ವಾಲಗ, ಸುರಗಿ ಯಾವುದೂ ಇಲ್ಲ. ಹೊಸ ಸೀರೆ ಉಡಿಸಿ, ಅಯ್ಯನವರು ವಿಭೂತಿ ಹಚ್ಚಿ, ತಾಳಿ ಕಟ್ಟಿಸಿದರೆ ಆಯಿತು. ಮೊದಲ ಮದುವೆಯ ಮೆರೆತ ಅದಕ್ಕಿಲ್ಲ ಎನ್ನುವುದು ಖರೆ, ಉಡಕಿಯಾದವಳನ್ನು ಮದುಮಕ್ಕಳಿಗೆ ಎರೆಯುವ ಸುರಗಿಯ ನೀರಿಗೆ ಕರೆಯುವುದಿಲ್ಲ ಎನ್ನುವುದೂ ಖರೆ. ಆದರೆ ಮನೆ ಮನೆಯೇ, ಗಂಡ ಗಂಡನೇ, ಹುಟ್ಟಿದ ಮಕ್ಕಳು ಹಕ್ಕಿನ ಮಕ್ಕಳೇ. ನಮ್ಮ ಅಜ್ಜಿಯರ ಕಾಲದಿಂದ ನಡೆದುಬಂದದ್ದು. ಅದಕ್ಕಾಗಿ ಯಾರೂ ಭಾಷಣ ಮಾಡಿರಲಿಲ್ಲ, ಪುಸ್ತಕವನ್ನೂ ಬರೆದಿರಲಿಲ್ಲ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಮ್ಮ ಅತ್ತೆಯವರೇ ಉಡಕಿಯಾಗಿ ಆ ಮನೆಗೆ ಬಂದವರು. ಕೌಜಲಗಿಯವರು, ಮೊದಲ ಗಂಡ ಸತ್ತ ಮೇಲೆ ನಮ್ಮ ಮಾವನವರು ಸೀರೆ ಉಡಿಸಿ ಕರೆತಂದಿದ್ದರು. ಇದು ಪೇಟೆಯ ಹಿರಿಯರಿಗೆಲ್ಲ ಗೊತ್ತು, ನಮ್ಮವರಿಗೂ ಗೊತ್ತು. ಆದರೆ ನಮ್ಮವರು ಬೆಳಗಾವಿಯಿಂದ ಬಂದ ಮೇಲೆ ಆ ಸಂಗತಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲವಂತೆ. ಯಾರು ಬೇಡ ಅಂದರು ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಇಂಥ ಮೌನವನ್ನು ಕಂಡರೆ ನನಗೆ ಮೈಯೆಲ್ಲ ಕಿವಿಯಾಗುತ್ತದೆ.

ನಾದಿನಿ ನನ್ನ ಕಿವಿಯಲ್ಲಿ ಕೇಳಿದ್ದನ್ನೇ, ಕೆಲವು ದಿನಗಳ ಮೇಲೆ, ಬಟ್ಟೆ ಅಂಗಡಿಯ ಕಾಕಾ ಪಡಸಾಲೆಯಲ್ಲಿ ಗಟ್ಟಿಯಾಗಿ ಕೇಳಿಬಿಟ್ಟರು. ಕಾದಂಬರಿಯ ವಿಧವೆ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳು. ಕಾಕಾ ಗಡ್ಡ ಕೆರೆದುಕೊಂಡು, "ತಮ್ಮಾ, ಸಿಟ್ಟಾಗಬ್ಯಾಡ. ನಮ್ಮಲ್ಲಿ ನಿಕಾ ಐತಿ, ನಿಮ್ಮಲ್ಲಿ ಉಡಕಿ ಐತಿ. ಈ ಹುಡುಗಿಗೆ ಯಾವುದೂ ಇಲ್ಲೇನು? ಇಷ್ಟ್ಯಾಕ ಅಳತಾರ?" ಎಂದರು. ತರುಣರಲ್ಲಿ ಒಬ್ಬ ಕೆಮ್ಮಿದ. ನಮ್ಮವರು ಪುಸ್ತಕ ಮಡಚಿ, "ಕಾಕಾ, ಇದು ದೊಡ್ಡ ಮಂದಿ ವಿಷಯ" ಎಂದರು. ಅವತ್ತಿನ ಓದು ಅಲ್ಲಿಗೇ ನಿಂತಿತು.

ದೊಡ್ಡ ಮಂದಿ! ಉಡಕಿ ಇಲ್ಲದ ಮೇಲು ಜಾತಿಯವರು ಎಂದರ್ಥ. ಆ ಮಾತು ನನ್ನ ತಲೆಯಲ್ಲಿ ಹುಳದ ಹಾಗೆ ಕೂತಿತು. ಅಳು ಆ ಹುಡುಗಿಗೋ, ಅವಳ ಮನೆತನದ ದೊಡ್ಡಸ್ತಿಕೆಗೋ ಎಂಬ ಸಂಶಯ ನನಗೆ ಹುಟ್ಟಿದ್ದು ಆವಾಗ.

ಸಂಶಯಕ್ಕೆ ಉತ್ತರ ಬೇಗನೆ ಬಂತು. ನಮ್ಮ ಮನೆತನದ ಅಯ್ಯನವರು ಒಂದು ಮುಂಜಾನೆ ಮೂಡಲಗಿಯಿಂದ ಒಂದು ಮಾತು ತಂದರು. ಅಲ್ಲಿ ಒಕ್ಕಲುತನದ ಮನೆ, ಹೊಲ ಇದೆ, ಬಾವಿ ಇದೆ. ಹೆಂಡತಿ ಬಾಣಂತಿತನದಲ್ಲಿ ತೀರಿಕೊಂಡಿದ್ದಾಳೆ, ಒಂದು ಹೆಣ್ಣು ಕೂಸು. ನಮ್ಮ ನಾದಿನಿಯನ್ನು ಉಡಕಿ ಮಾಡಿಕೊಳ್ಳಲು ಒಪ್ಪಿದ್ದಾರೆ. ನಾದಿನಿಗೆ ಆ ಮನುಷ್ಯ ಗೊತ್ತಿದ್ದ. ಹುಕ್ಕೇರಿಯ ಸಂತೆಗೆ ಎತ್ತು ತರಲು ಬಂದಾಗ ನೋಡಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದು ಬಂದು ನನ್ನ ಮುಂದೆ ಕೂತಳು. "ನನಗ ಮನಿ ಬೇಕ್ರಿ ವೈನಿ. ನನ್ನ ಒಲಿ, ನನ್ನ ಹಿತ್ತಲ, ನಂದಂತ ಒಂದು ಕೂಸು. ಇಲ್ಲಿ ಎಷ್ಟ ದಿನ ಇದ್ರೂ ನಾ ಬಂದಾಕಿನ. ಆದ್ರ ಅಣ್ಣ ಒಪ್ಪಬೇಕು. ಅಂವ ಒಪ್ಪದ ಹ್ವಾದ್ರ ತವರಮನಿ ಕಳಕೊಂಡಂಗ ಆಗತೈತಿ." ಅವಳಿಗೆ ಬೇಕಾದದ್ದು ಇಷ್ಟೇ: ಅಲ್ಲಿ ಒಂದು ಮನೆ, ಇಲ್ಲಿ ಒಬ್ಬ ಅಣ್ಣ.

ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ನಮ್ಮವರು ಅಯ್ಯನವರನ್ನು ಮಣೆಯ ಮೇಲೆ ಕೂಡಿಸಿ, ಪಾದಕ್ಕೆರಗಿ, ಬಹಳ ಮರ್ಯಾದೆಯಿಂದ ಇಲ್ಲ ಎಂದರು.

"ಈಗ ಅದೆಲ್ಲ ಬಿಡಬೇಕ್ರಿ ಅಯ್ಯನವರ. ಬೆಳಗಾವ್ಯಾಗ ನಮ್ಮ ಪೈಕಿ ದೊಡ್ಡ ಮನಿತನದವರು ಉಡಕಿ ಬಿಟ್ಟಾರ. ನಾವು ಹಿಂದ ಉಳಿಯೂದ ಬ್ಯಾಡ."

"ಅಲ್ಲೋ ತಮ್ಮಾ, ದಿನಾ ವಿಧವಾ ವಿವಾಹದ ಪುಸ್ತಕ ಓದತಿ ಅಂತ ಊರೆಲ್ಲಾ ಹೇಳತೈತಿ."

"ಅದು ಸುಧಾರಣಾ, ಇದು ರೂಢಿ. ಎರಡೂ ಒಂದ ಅಲ್ಲ."

ಅಯ್ಯನವರು ಜೋಳಿಗೆ ಹೆಗಲಿಗೇರಿಸಿ ಹೋದರು. ನನಗೆ ತಡೆಯಲಾಗಲಿಲ್ಲ. ಊಟಕ್ಕೆ ಕೂತ ಗಂಡನ ತಾಟಿಗೆ ಝುಣಕ ಬಡಿಸುತ್ತ ಕೇಳಿದೆ: "ಹಂಗಾರ ಮೊದಲ ದೊಡ್ಡ ಮಂದಿ ಹಂಗ ನಾವೂ ಹೆಣ್ಣಮಕ್ಕಳನ್ನ ಮೂಲ್ಯಾಗ ಕೂಡಸೂಣು, ಆಮ್ಯಾಲ ಪುಸ್ತಕ ಓದಿ ಹೊರಗ ಕರಕೊಂಡ ಬರೂಣು, ಹಂಗೇನ್ರಿ?" ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಮ್ಮವರಿಗೆ ಆ ಗಿಡ ತಮ್ಮ ಹಿತ್ತಲಲ್ಲಿದೆ ಎನ್ನುವುದೇ ನಾಚಿಕೆಯಾಗಿತ್ತು. ಅದೇ ಎಲೆಯನ್ನು ಪುಣೆಯಿಂದ ಕಟ್ಟಿ ಕಳಿಸಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅಂದು ನನಗೆ ಬಂದ ಸಿಟ್ಟು ಇಷ್ಟು ವಯಸ್ಸಾದರೂ ಆರಿಲ್ಲ.

ಆಮೇಲೆ ಮನೆಯಲ್ಲಿ ಒಬ್ಬರನ್ನೊಬ್ಬರು ಕಾಯುವುದೇ ಕೆಲಸವಾಯಿತು. ನಮ್ಮವರು ಪುಸ್ತಕದ ಕಪಾಟಿಗೆ ಕೀಲಿ ಹಾಕಿದರು; ನಾನು ಓದಿ ಹೇಳಿದ್ದರಿಂದಲೇ ತಂಗಿಯ ತಲೆ ಕೆಟ್ಟಿತು ಎಂಬುದು ಅವರ ಗುಮಾನಿ. ಪುಸ್ತಕದಲ್ಲಿ ಇಲ್ಲದ್ದನ್ನು ಅವಳು ಕೇಳಿದ್ದಳು ಎನ್ನುವುದು ಅವರಿಗೆ ಹೊಳೆಯಲಿಲ್ಲ. ಅವಳು ಹೊಳೆಗೆ ಅರಿವೆ ಒಗೆಯಲು ಹೋದರೆ ಅಂಗಡಿಯ ಆಳು ಹಿಂದೆ ಹೋಗುತ್ತಿದ್ದ. ಮೂಡಲಗಿಯ ಕಡೆಯ ಚಕ್ಕಡಿ ಅಂಗಡಿಯ ಮುಂದೆ ನಿಂತರೆ ನಮ್ಮವರು ಎದ್ದು ಬಂದು ಒಳಗೆ ಇಣುಕುತ್ತಿದ್ದರು. ಸ್ವಂತ ತಂಗಿಯ ಹೆಜ್ಜೆ ಕಾಯುತ್ತ, ಸಂಜೆ ಮತ್ತೆ ಬೇರೆ ಯಾರದೋ ತಂಗಿಗಾಗಿ ಅಳುವುದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನನಗೆ ಎಲ್ಲರಿಗಿಂತ ಹೆಚ್ಚು ಸಂಶಯ ಅತ್ತೆಯವರ ಮೇಲೆ. ಅವರು ಈ ವಿಷಯದಲ್ಲಿ ತುಟಿ ಪಿಟಕ್ ಎನ್ನಲಿಲ್ಲ. ಮಗ ಅಯ್ಯನವರನ್ನು ತಿರುಗಿ ಕಳಿಸಿದಾಗಲೂ ಜೋಳ ಹಸನು ಮಾಡುತ್ತ ಕೂತಿದ್ದರು, ಮೊರದಿಂದ ಕಣ್ಣೆತ್ತಿರಲಿಲ್ಲ. ತಾವು ಏರಿ ಬಂದ ನಿಚ್ಚಣಿಕೆಯನ್ನು ಮಗಳಿಗೆ ಸಿಗದ ಹಾಗೆ ಎಳೆದುಕೊಳ್ಳುತ್ತಿದ್ದಾರೆ ಎಂದು ನಾನು ತಿಳಿದೆ. ಹೊಸ ಮರ್ಯಾದೆ ಬಂದ ಮನೆಯಲ್ಲಿ ಹಳೆಯ ಗುರುತು ಅಳಿದುಹೋಗಲಿ ಎಂದು ಯಾರಿಗೆ ಅನಿಸುವುದಿಲ್ಲ? ಒಂದು ಮಧ್ಯಾಹ್ನ ಅವರು ಕಾಕಾನ ಅಂಗಡಿಯಿಂದ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದು ಕೌದಿಯ ಗಂಟಿನೊಳಗೆ ಸೇರಿಸಿದರು. ಅವರು ದನಕ್ಕೆ ನೀರು ತೋರಿಸಲು ಹೋದಾಗ ನಾನು ಗಂಟಿಗೆ ಕೈ ಹಾಕಿ ನೋಡಿದೆ. ಇಳಕಲ್ಲ ಸೀರೆ. ಬಣ್ಣ ಕಾಣಲಿಲ್ಲ, ರೇಶಿಮೆ ಸೆರಗು ಬೆರಳಿಗೆ ಹತ್ತಿತು. ಈ ವಯಸ್ಸಿನಲ್ಲಿ ಮುದುಕಿಗೆ ಯಾಕೆ ಇದು ಎಂದು ತಲೆ ಕೆಡಿಸಿಕೊಂಡೆ.

ಸುಗ್ಗಿ ಬಂತು. ಅತ್ತೆಯವರು ಮಗನ ಮುಂದೆ, "ಕೌಜಲಗಿ ಹೊಲದಾಗ ಜ್ವಾಳ ಕೊಯ್ಯಾಕತ್ತಾರ. ನಮ್ಮ ಅಣ್ಣ ಕರ್ಯಾಕ ಕಳಿಸ್ಯಾನ. ಇಕಿನ್ನೂ ಕರಕೊಂಡ ಹೋಗತೇನಿ, ಇಲ್ಲೇ ಕುಂತು ಕುಂತು ಮಾರಿ ಬಾಡೈತಿ" ಎಂದರು. ನಮ್ಮವರು ಒಪ್ಪಿದರು. ಸೋದರಮಾವನ ಮನೆ, ತಾಯಿಯ ಕಾವಲು; ಇನ್ನೇನು ಬೇಕು? ನನಗೆ ಮಾತ್ರ ನಂಬಿಕೆ ಬರಲಿಲ್ಲ. ಆ ವಾರವೇ ಹುಕ್ಕೇರಿಯಿಂದ ನಾದಿನಿಯ ಭಾವ, ತೀರಿಕೊಂಡ ಗಂಡನ ಅಣ್ಣ, ಬಂದು, ನಮ್ಮ ಮನೆಯ ಸೊಸೆಯನ್ನು ಕಳಿಸಿ, ಮನೆಯಲ್ಲಿ ಕೆಲಸಕ್ಕೆ ಕೈ ಸಾಲುತ್ತಿಲ್ಲ ಎಂದು ಹೇಳಿಹೋಗಿದ್ದ. ಕೌಜಲಗಿಯ ಹೆಸರು ಹೇಳಿ ಹುಡುಗಿಯನ್ನು ಹುಕ್ಕೇರಿಗೆ ಬಿಟ್ಟು ಬರುತ್ತಾರೆ, ಆ ಸೀರೆ ಬೀಗರ ಬಾಯಿ ಮುಚ್ಚಿಸಲು ಎಂದು ಲೆಕ್ಕ ಹಾಕಿದೆ. ನಾದಿನಿಯನ್ನು ಹಿತ್ತಲಿಗೆ ಕರೆದು, "ಹೋಗಬ್ಯಾಡ. ಹೊಟ್ಟಿ ನೋಯಿತೈತಿ ಅನ್ನು" ಎಂದೆ. ಅವಳು ನನ್ನ ಮುಖ ನೋಡಿ, "ವೈನಿ, ನೀವು ನಮ್ಮವ್ವನ್ನೂ ನಂಬಂಗಿಲ್ಲಲ್ಲ" ಎಂದು ನಕ್ಕು, ಬುತ್ತಿಯ ಗಂಟು ಎತ್ತಿಕೊಂಡು ಚಕ್ಕಡಿ ಹತ್ತಿದಳು.

ಸುಗ್ಗಿ ಮುಗಿದ ಮೇಲೆ ಅತ್ತೆಯವರು ಒಬ್ಬರೇ ಬಂದರು. ಪಡಸಾಲೆಯಲ್ಲಿ ನಮ್ಮವರು ಪತ್ರಿಕೆ ಓದುತ್ತಿದ್ದರು. ಅವರು ಕೇಳುವ ಮೊದಲೇ ನಾನು ಕಂಬ ಹಿಡಿದು ನಿಂತೆ.

"ತಂಗಿ ಎಲ್ಲಿ?"

"ತನ್ನ ಮನಿಗೆ ಹ್ವಾದ್ಲು."

"ಹುಕ್ಕೇರಿಗೇನು?"

"ಮೂಡಲಗಿಗೆ. ಸೀರಿ ಉಡಿಸಿ, ಅಯ್ಯನವರ ಕಡೆಯಿಂದ ತಾಳಿ ಕಟ್ಟಿಸಿ ಕಳಿಸೇನಿ."

ನಮ್ಮವರು ಪತ್ರಿಕೆಯನ್ನು ನೀಟಾಗಿ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಅವರು ಆಡಿದ ಮಾತು ಪುಸ್ತಕದ್ದಲ್ಲ, ಊರಿನದೇ. "ಇವತ್ತಿಗೆ ಅಕಿ ನನ್ನ ಪಾಲಿಗೆ ಸತ್ತಳು."

ಅತ್ತೆಯವರು ಕಾಲ ಧೂಳು ತೊಳೆದುಕೊಂಡಿರಲಿಲ್ಲ. ಹೊಸ್ತಿಲಲ್ಲೇ ನಿಂತು ಮಗನನ್ನು ನೋಡಿದರು. "ನಾನೂ ಹಂಗ ಬಂದಾಕಿನ ಅಲ್ಲೇನೋ ತಮ್ಮಾ. ನನಗ ಯಾವಾಗ ಮಣ್ಣು ಕೊಡತಿ, ಹೇಳು."

ಆ ಮನೆಯಲ್ಲಿ ಆ ಮಾತು ಮೊದಲ ಸಲ ಹೊರಗೆ ಬಂದಿತ್ತು. ನಮ್ಮವರು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ನಾನು ಅತ್ತೆಯವರ ಕಾಲಿಗೆ ನೀರು ಕೊಟ್ಟೆ. "ಸೀರಿ ಬಣ್ಣ ಯಾವುದ್ರಿ ಅತ್ತಿ?" ಎಂದು ಕೇಳಿದೆ. "ಗಂಟಿನಾಗ ಕೈ ಹಾಕಿದಾಗ ನೋಡಲಿಲ್ಲೇನು?" ಎಂದರು ಅವರು.

ಹೀಗೆ ನಾದಿನಿಗೆ ಮನೆ ಸಿಕ್ಕಿತು. ಅಣ್ಣ ಸಿಗಲಿಲ್ಲ. ನಮ್ಮ ಕಡೆ ಪಂಚಮಿ ಹಬ್ಬ ಬಂತೆಂದರೆ ಅಣ್ಣನಾದವನು ತಂಗಿಯ ಮನೆಗೆ ಹೋಗಿ ಕರೆತರಬೇಕು. ಅವಳು ಉಂಡಿ ಕಟ್ಟಿ ದಾರಿ ನೋಡುತ್ತಾಳೆ. ಅಣ್ಣ ಬಂದು ಬಾಯಿ ಸಿಹಿ ಮಾಡಿಕೊಂಡು ಚಕ್ಕಡಿ ಹೂಡುತ್ತಾನೆ. ನಮ್ಮವರು ಹೋಗಲಿಲ್ಲ. ಅತ್ತೆಯವರು ಇರುವ ತನಕ ತಾವೇ ಹೋಗಿ ಮಗಳ ಕೈಯ ಉಂಡಿ ತಿಂದು ಬರುತ್ತಿದ್ದರು. ಅತ್ತೆಯವರಿಗೆ ಮಣ್ಣು ಕೊಟ್ಟ ದಿನ ನಾದಿನಿ ಗಂಡ ಮಕ್ಕಳೊಂದಿಗೆ ಬಂದಳು. ಅಣ್ಣನ ಮುಂದೆ ನಿಂತು ಅತ್ತಳು. ನಮ್ಮವರು ಅವಳ ಗಂಡನಿಗೆ ಕೈ ಮುಗಿದರು, ಅವಳ ಕಡೆ ನೋಡಲಿಲ್ಲ. ಉಣ್ಣದೆ ತಿರುಗಿ ಹೋದಳು. ಆಮೇಲೆ ಪ್ರತಿ ಪಂಚಮಿಗೂ ಅವಳ ಮನೆಗೆ ನಾನೇ ಹೋಗತೊಡಗಿದೆ. ನಮ್ಮವರು ತಡೆಯಲಿಲ್ಲ. ಎಲ್ಲಿಗೆ ಎಂದೂ ಕೇಳಲಿಲ್ಲ.

ಹೀಗೆ ಬಹಳ ವರ್ಷ ಹೋದವು. ಚಕ್ಕಡಿಯ ದಾರಿಗೆ ಸರ್ವಿಸ್ ಮೋಟಾರು ಬಂತು. ಪೇಟೆಯ ತರುಣರ ಪಟಕ ಹೋಗಿ ತಲೆಗೆ ಬಿಳಿ ಟೊಪ್ಪಿಗೆ ಬಂತು. ಓದುವುದು ಸಾಲದೆ ನಮ್ಮವರು ಬರೆಯಲು ಸುರು ಮಾಡಿದರು. ಅವರದೊಂದು ಕತೆ ಮಾಸಪತ್ರಿಕೆಯಲ್ಲಿ ಅಚ್ಚಾಗಿ ಬಂದಾಗ ಪಡಸಾಲೆ ತುಂಬ ಮಂದಿ. ಅವರೇ ಓದಿದರು. ಒಬ್ಬ ಎಳೆಯ ವಿಧವೆ. ಅವಳಿಗೊಬ್ಬ ಅಣ್ಣ, ಓದಿದವನು, ಉದಾರ ಮನಸ್ಸಿನವನು. ತಂಗಿಗೆ ಮತ್ತೆ ಮದುವೆ ಮಾಡಬೇಕೆಂದು ಹಗಲಿರುಳು ಹೋರಾಡುತ್ತಾನೆ. ತಾಯಿ ಹಳೆಯ ಕಾಲದವಳು, ಕಲ್ಲು ಮನಸ್ಸಿನವಳು, ಬಿಡುವುದಿಲ್ಲ. ಕೊನೆಗೆ ತಂಗಿ ಘಟಪ್ರಭೆಗೆ ಬೀಳುತ್ತಾಳೆ. ಅಣ್ಣ ಕುಂಕುಮದ ಭರಣಿ ಹಿಡಿದು ದಂಡೆಗೆ ಓಡುತ್ತಾನೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಎಲ್ಲರೂ ಅತ್ತರು. ನಮ್ಮವರ ದನಿ ಒಡೆದು ಕೊನೆಯ ಸಾಲುಗಳನ್ನು ಬೇರೆಯವರು ಓದಬೇಕಾಯಿತು. ಅದು ಸುಳ್ಳು ಅಳು ಎಂದು ನಾನು ಹೇಳಲಾರೆ. ಖರೆ ಅಳು, ಹೊಟ್ಟೆಯಿಂದ ಬಂದದ್ದು. ನಾನು ಬಾಗಿಲ ಹಿಂದೆ ಹಲ್ಲು ಕಚ್ಚಿ ಕೂತೆ. ಬಾಯಿಲ್ಲದ, ಮಣ್ಣಲ್ಲಿ ಮಲಗಿದ ನಮ್ಮ ಅತ್ತೆಯವರನ್ನು ಕಲ್ಲು ಮಾಡಿ, ಮೂಡಲಗಿಯಲ್ಲಿ ಎಮ್ಮೆ ಹಿಂಡುತ್ತಿದ್ದ ತಂಗಿಯನ್ನು ಹೊಳೆಗೆ ನೂಕಿ, ತಾವು ದಂಡೆಯ ಮೇಲೆ ಉಳಿದಿದ್ದರು.

ಪಂಚಮಿಗೆ ಹೋದಾಗ ಆ ಮಾಸಪತ್ರಿಕೆಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಹಬ್ಬದ ಮರುದಿನ ಮಧ್ಯಾಹ್ನ, ಅವಳ ಮನೆಯ ಕಟ್ಟೆಯ ಮೇಲೆ. ಅವಳು ಶೇಂಗಾ ಸುಲಿಯುತ್ತಿದ್ದಳು. ಮೈ ತುಂಬಿಕೊಂಡು ಯಜಮಾನಿಯಾಗಿದ್ದಳು. ಮಲಮಗಳ ಮದುವೆ ಮಾಡಿದ್ದಳು, ತನ್ನ ಹೊಟ್ಟೆಯಲ್ಲಿ ಹುಟ್ಟಿದವು ಅಂಗಳದಲ್ಲಿ ಜೋಕಾಲಿ ಆಡುತ್ತಿದ್ದವು. "ನಿಮ್ಮಣ್ಣ ಬರೆದ ಕತಿ" ಎಂದು ಓದಿ ಹೇಳಿದೆ. ಕತೆ ಹೊಳೆಯ ದಂಡೆಗೆ ಬರುವ ತನಕ ಅವಳು ಸುಲಿಯುತ್ತಲೇ ಇದ್ದಳು.

"ಹೊಳಿಗೆ ಯಾಕ ಬಿದ್ದಳ್ರಿ ಅಕಿ? ಅವರವ್ವನ ಕೂಡ ಕೌಜಲಗಿಗೆ ಹೋಗಬೇಕಿಲ್ಲೊ?" ಎಂದು ನಕ್ಕಳು. ನನಗೂ ನಗು ಬಂತು. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಆಮೇಲೆ ಅವಳು ಕೇಳಿದಳು.

"ಓದೂವಾಗ ಅಣ್ಣ ಅತ್ತನೇನ್ರಿ?"

"ಅತ್ತರು."

"ಖರೇನ ಅತ್ತನೇನು, ವೈನಿ? ನೀವು ಯಾರನ್ನೂ ನಂಬಂಗಿಲ್ಲ, ನೀವ ಹೇಳ್ರಿ."

"ಖರೇನ ಅತ್ತರವಾ. ಓದಾಕ ಆಗಲಿಲ್ಲ."

ಅವಳ ಕೈ ನಿಂತಿತು. ಉಡಿಯ ಸಿಪ್ಪೆ ಝಾಡಿಸಿ ಎದ್ದು ಒಳಗೆ ಹೋದಳು. ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ಡಬ್ಬಿ ತಂದಳು. ಅದರ ತುಂಬ ಉಂಡಿ: ಎಳ್ಳಿನವು, ಶೇಂಗಾದವು, ರವೆಯವು. ಪ್ರತಿ ಪಂಚಮಿಗೂ ಅಣ್ಣನ ಹೆಸರಿನಲ್ಲಿ ಬೇರೆ ತೆಗೆದಿಟ್ಟು, ಶ್ರಾವಣ ಮುಗಿಯುವ ತನಕ ಮುಟ್ಟುತ್ತಿರಲಿಲ್ಲವಂತೆ. ನನಗೆ ಅದು ಅಂದೇ ಗೊತ್ತಾದದ್ದು.

"ನನ್ನ ಸಲುವಾಗಿ ಅತ್ತು ಮುಗಿಸ್ಯಾನ ವೈನಿ. ಇನ್ನ ಬರಂಗಿಲ್ಲ ಅಂವ" ಎಂದಳು. ಜೋಕಾಲಿಯ ಮೇಲಿದ್ದ ಮಕ್ಕಳನ್ನು ಕೂಗಿ ಕರೆದು, ಡಬ್ಬಿಯನ್ನು ಅವರ ನಡುವೆ ಇಟ್ಟಳು. ಅವು ಅಲ್ಲೇ ಅಂಗಳದಲ್ಲಿ ಕೂತು ಎಲ್ಲವನ್ನೂ ತಿಂದು ಮುಗಿಸಿದವು.